ಊರಿಗೆ ಮರಳಬೇಕಾದ ಚಿತ್ರ

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹನುಮಂತದೇವರ ಗುಡಿಯ ಮಗ್ಗುಲಲ್ಲೋ ಕೆರೆಯ ದಂಡೆಯ ಮೇಲೋ ಒಂದು ವೀರಗಲ್ಲು ನಿಂತಿರುವುದು ಅಪರೂಪದ ಸಂಗತಿಯಲ್ಲ. ಅದನ್ನು ಓದುವುದಕ್ಕೆ ಒಂದು ಕ್ರಮವಿದೆ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದಿದರೆ, ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಊರಿನ ಆಳು ಕಾದುತ್ತಿದ್ದಾನೆ. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುತ್ತಿದ್ದಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ನೆತ್ತಿಯ ಮೇಲೆ ಸೂರ್ಯಚಂದ್ರರು. ಅಕ್ಷರ ಬಾರದವನಿಗೂ ಈ ಕಥೆ ಅರ್ಥವಾಗುತ್ತಿತ್ತು. ಏಕೆಂದರೆ ಕಲ್ಲು ನಿಂತದ್ದು ಸತ್ತವನ ಊರಿನಲ್ಲಿ; ನೋಡುವವರು ಅವನ ಮಕ್ಕಳು, ಮೊಮ್ಮಕ್ಕಳು, ನೆರೆಹೊರೆಯವರು.

ಕಾಲ ಕಳೆದಂತೆ ಇಂಥ ಎಷ್ಟೋ ಕಲ್ಲುಗಳು ಮಣ್ಣಿನಲ್ಲಿ ಹೂತುಹೋದವು. ಕೆಲವು ಅಗಸರ ಕಲ್ಲಾದವು, ಕೆಲವು ಗೋಡೆಯೊಳಗೆ ಸೇರಿದವು. ಅವುಗಳನ್ನು ಉಳಿಸಬೇಕೆಂಬ ಅರಿವು ಮೂಡಿದಾಗ ವಸ್ತುಸಂಗ್ರಹಾಲಯಗಳು ಹುಟ್ಟಿದವು. 1939ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾದ ಕನ್ನಡ ಸಂಶೋಧನ ಸಂಸ್ಥೆ ಶಿಲ್ಪ, ಶಾಸನ, ಹಸ್ತಪ್ರತಿಗಳನ್ನು ಕೂಡಿಹಾಕಿ ಮಾಡಿದ ಉಪಕಾರ ಸಣ್ಣದಲ್ಲ. ಆದರೂ ಯಾವ ಸಂಗ್ರಹಾಲಯವೇ ಆಗಲಿ, ಕಲ್ಲನ್ನು ತಂದಿಡಬಲ್ಲುದೇ ಹೊರತು ಅದರೊಡನೆ ಊರನ್ನು ತಂದಿಡಲಾರದು. ‘ಇವನು ನಮ್ಮ ಅಜ್ಜನ ಅಜ್ಜ’ ಎಂದು ಬೆರಳು ಮಾಡಿ ತೋರಿಸುವವರು ಅಲ್ಲಿರುವುದಿಲ್ಲ. ಕಲ್ಲು ಉಳಿಯುತ್ತದೆ, ಹೆಸರು ಅಳಿಯುತ್ತದೆ.

ಈ ಮಾತನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಾದದ್ದು ಕಲ್ಲಲ್ಲ, ಒಂದು ಚಿತ್ರ. ಇಪ್ಪತ್ತೈದು ನಿಮಿಷಗಳ ಒಂದು ಸಾಕ್ಷ್ಯಚಿತ್ರ. ಅದರೊಳಗಿನ ವೀರರು ಕುದುರೆ ಏರಿದವರಲ್ಲ, ಕತ್ತಿ ಹಿಡಿದವರಲ್ಲ; ಜರಡಿ ಹಿಡಿದ ಹೆಂಗಸರು. ಅವರ ಊರು ನಿಪ್ಪಾಣಿ. ಆ ಚಿತ್ರ ಇಂದು ಜೋಪಾನವಾಗಿ ಉಳಿದಿರುವುದು ಸಾವಿರಾರು ಮೈಲಿ ಆಚೆಯ ಬರ್ಲಿನ್ ನಗರದವರ ಆಸ್ಥೆಯಿಂದ.

ಬಾಗಿಲಿನ ಹೊರಗೆ ನಿಂತ ಯಂತ್ರ

ಸಿನಿಮಾ ಹುಟ್ಟಿದ್ದೇ ಕೆಲಸಗಾರರನ್ನು ನೋಡುತ್ತ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸೋದರರು ತೆಗೆದ ಮೊಟ್ಟಮೊದಲ ಚಿತ್ರಗಳಲ್ಲೊಂದು ಕಾರ್ಖಾನೆಯಿಂದ ಹೊರಬೀಳುವ ಕೆಲಸಗಾರರದು. ಅವರಲ್ಲಿ ಬಹುಮಂದಿ ಹೆಂಗಸರು. ಬಾಗಿಲು ತೆರೆಯುತ್ತದೆ, ಜನ ಹೊರಬರುತ್ತಾರೆ, ಎಡಬಲಕ್ಕೆ ಚದರಿಹೋಗುತ್ತಾರೆ. ಒಂದು ನಿಮಿಷ ತುಂಬುವುದರೊಳಗೆ ಚಿತ್ರ ಮುಗಿಯುತ್ತದೆ. ಕಾರ್ಖಾನೆಯೂ ಲೂಮಿಯೇರರದೇ, ಕ್ಯಾಮೆರಾವೂ ಅವರದೇ. ಯಂತ್ರ ಬಾಗಿಲಿನ ಹೊರಗೆ ನಿಂತಿತ್ತು. ಒಳಗೆ ಆ ಹೆಂಗಸರು ಎಷ್ಟು ಹೊತ್ತು ದುಡಿದರು, ಏನು ಕೂಲಿ ಪಡೆದರು ಎಂಬುದನ್ನು ಅದು ಕೇಳಲಿಲ್ಲ.

ಬಾಗಿಲು ದಾಟಿ ಒಳಹೋಗುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಒಳಗಿದ್ದವರ ಬಾಯಿಂದಲೇ ಮಾತು ಕೇಳುವುದಕ್ಕೆ ಬಹಳ ಕಾಲ ಹಿಡಿಯಿತು. 1935ರಲ್ಲಿ ಇಂಗ್ಲೆಂಡಿನ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೀ ಎಂಬವರು ಲಂಡನ್ನಿನ ಕೊಳಚೆಕೇರಿಗಳಿಗೆ ಹೋಗಿ, ಅಲ್ಲಿಯ ಬಡವರು ತಮ್ಮ ಕಷ್ಟವನ್ನು ತಾವೇ ಕ್ಯಾಮೆರಾದ ಮುಂದೆ ಹೇಳುವಂತೆ ಮಾಡಿದರು. ಅದೊಂದು ಹೊಸ ಹೆಜ್ಜೆ. ಆದರೆ ಅದಕ್ಕೆ ಹಣ ಕೊಟ್ಟವರು ಅಡುಗೆಯ ಅನಿಲ ಮಾರುವ ಕಂಪನಿಗಳ ಒಕ್ಕೂಟದವರು. ಹೊಸ ಮನೆ ಕಟ್ಟಿದಲ್ಲಿ ಹೊಸ ಒಲೆ ಬೇಕಾಗುತ್ತದೆಯಷ್ಟೆ!

ಭಾರತದಲ್ಲಿ 1948ರಲ್ಲಿ ಕೇಂದ್ರ ಸರಕಾರ ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಪ್ರತಿಯೊಂದು ಚಿತ್ರಮಂದಿರವೂ ಕಥಾಚಿತ್ರಕ್ಕೆ ಮೊದಲು ಸರಕಾರದ ಒಪ್ಪಿಗೆ ಪಡೆದ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸಲೇಬೇಕೆಂಬ ನಿಯಮ ದಶಕಗಳ ಕಾಲ ಜಾರಿಯಲ್ಲಿತ್ತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಸಿಡುಬಿನ ಚುಚ್ಚುಮದ್ದು, ಕುಟುಂಬ ಯೋಜನೆ, ಹೀಗೆ ದೇಶ ಕಟ್ಟುವ ಕಾರ್ಯವೆಲ್ಲ ಹುಬ್ಬಳ್ಳಿ-ಧಾರವಾಡದ ಟಾಕೀಜುಗಳ ಪರದೆಯ ಮೇಲೆ ಕನ್ನಡದ ಗಂಭೀರ ಧ್ವನಿಯೊಂದರ ವಿವರಣೆಯೊಡನೆ ಹಾದುಹೋಯಿತು. ಆ ಚಿತ್ರಗಳಲ್ಲಿ ಒಳ್ಳೆಯವು ಇರಲಿಲ್ಲವೆಂದಲ್ಲ. ಧಾರವಾಡದಲ್ಲಿಯೇ ಓದಿ ಬೆಳೆದ ಗಿರೀಶ ಕಾರ್ನಾಡರು 1972ರಲ್ಲಿ ವರಕವಿ ಬೇಂದ್ರೆಯವರನ್ನು ಕುರಿತು ಮಾಡಿದ ಸಾಕ್ಷ್ಯಚಿತ್ರವನ್ನು ಸಾಧನಕೇರಿಯ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಆದರೆ ಸಾಮಾನ್ಯವಾಗಿ ಸರಕಾರಿ ಸಾಕ್ಷ್ಯಚಿತ್ರದ ರೀತಿಯೇ ಬೇರೆ. ಅದು ಜನರಿಗೆ ಹೇಳುತ್ತಿತ್ತು, ಜನರು ಕೇಳುತ್ತಿದ್ದರು. ಜನರು ಹೇಳಿ ಚಿತ್ರ ಕೇಳುವ ಪರಿಪಾಠ ಅಲ್ಲಿರಲಿಲ್ಲ. ಆ ಸಂಸ್ಥೆಯೂ ಈಗ ಬೇರೆಯಾಗಿ ಉಳಿದಿಲ್ಲ. 2022ರಲ್ಲಿ ಅದನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಲಾಯಿತು.

ತಂಬಾಕಿನ ಪೇಟೆ

ಹುಬ್ಬಳ್ಳಿ-ಧಾರವಾಡವನ್ನು ಹಾಯ್ದು ಪುಣೆಯ ಕಡೆಗೆ ಹೋಗುವ ಹೆದ್ದಾರಿಯನ್ನು ಹಿಡಿದು, ಬೆಳಗಾವಿಯನ್ನು ದಾಟಿ ಇನ್ನೂ ಉತ್ತರಕ್ಕೆ ನಡೆದರೆ, ಧಾರವಾಡದಿಂದ ಸುಮಾರು 150 ಕಿಲೋಮೀಟರಿನಲ್ಲಿ ನಿಪ್ಪಾಣಿ ಸಿಗುತ್ತದೆ. ಆಗ ಅದು ಚಿಕ್ಕೋಡಿ ತಾಲೂಕಿಗೆ ಸೇರಿದ್ದಿತು. ಈಗ ತಾನೇ ಒಂದು ತಾಲೂಕಿನ ಕೇಂದ್ರ. ಇಲ್ಲಿ ಮನೆಮಾತು ಕೆಲವರಿಗೆ ಮರಾಠಿ, ಕೆಲವರಿಗೆ ಕನ್ನಡ. ಪೇಟೆಯಲ್ಲಿ ಎರಡೂ ನಡೆಯುತ್ತವೆ. 1956ರ ನವೆಂಬರ 1ರಂದು ಮುಂಬಯಿ ರಾಜ್ಯವನ್ನು ಬಿಟ್ಟು ಬೆಳಗಾವಿ, ಧಾರವಾಡಗಳೊಡನೆ ಮೈಸೂರು ರಾಜ್ಯಕ್ಕೆ ಬಂದ ಊರಿದು. 1967ರಲ್ಲಿ ಮಹಾಜನ ಆಯೋಗವು ಇದನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆದ್ದರಿಂದ ಪತ್ರಿಕೆಗಳ ಓದುಗರಿಗೆ ನಿಪ್ಪಾಣಿಯೆಂದೊಡನೆ ನೆನಪಾಗುವುದು ಗಡಿಯ ಜಗಳ.

ಆದರೆ ವ್ಯಾಪಾರಿಗಳಿಗೆ ನೆನಪಾಗುವುದು ತಂಬಾಕು. ಬೀಡಿಯ ತಂಬಾಕಿಗೆ ನಿಪ್ಪಾಣಿ ಹೆಸರಾದ ಪೇಟೆ. ಹೊಲದಲ್ಲಿ ಒಣಗಿದ ಎಲೆ ಪೇಟೆಯ ವಖಾರಿಗಳಿಗೆ ಬರುತ್ತದೆ. ಅಲ್ಲಿ ಅದನ್ನು ಬಡಿದು, ಪುಡಿಮಾಡಿ, ಜರಡಿ ಹಿಡಿದು, ಕಡ್ಡಿಯನ್ನು ಬೇರ್ಪಡಿಸಿ, ತರತರವಾಗಿ ವಿಂಗಡಿಸಿ ಚೀಲ ತುಂಬಬೇಕು. ಈ ಕೆಲಸ ಹೆಂಗಸರದು. ಜರಡಿ ಆಡಿದಂತೆಲ್ಲ ಧೂಳು ಏಳುತ್ತದೆ. ಸಾಮಾನ್ಯವಾದ ಮಣ್ಣಿನ ಧೂಳಲ್ಲ. ಮೂಗಿಗೆ, ಗಂಟಲಿಗೆ, ಕಣ್ಣಿಗೆ ಉರಿ ಹಚ್ಚುವ ಘಾಟಿನ ಧೂಳು. ಸೆರಗನ್ನು ಬಾಯಿಗೆ ಕಟ್ಟಿಕೊಂಡರೂ ಅದು ನಿಲ್ಲುವುದಿಲ್ಲ. ಬೀಡಿ ಸೇದುವವನು ಸೇದುವಷ್ಟು ಹೊತ್ತು ಹೊಗೆ ಕುಡಿಯುತ್ತಾನೆ. ಬೀಡಿಯನ್ನು ಮುಟ್ಟದ ಈ ಹೆಂಗಸರು ದಿನವಿಡೀ ತಂಬಾಕನ್ನು ಉಸಿರಾಡುತ್ತಿದ್ದರು.

ಕಾಯಿದೆ ಇರಲಿಲ್ಲವೇ? ಇತ್ತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯಿತ್ತು; ಗಾಳಿ ಬೆಳಕು, ಕುಡಿಯುವ ನೀರು, ಶೌಚದ ವ್ಯವಸ್ಥೆ, ಕೂಸುಗಳನ್ನು ಮಲಗಿಸಲು ಕೋಣೆ, ಸಂಬಳದ ರಜೆ, ಇವೆಲ್ಲವನ್ನೂ ಅದು ಬರೆದಿಟ್ಟಿತ್ತು. ಆದರೆ ಕಾಯಿದೆಯ ಪುಸ್ತಕಕ್ಕೂ ವಖಾರಿಯ ಬಾಗಿಲಿಗೂ ನಡುವೆ ಬಹಳ ದೂರ. ಆ ದೂರವನ್ನು ಯಾರಾದರೂ ನಡೆಯಬೇಕಲ್ಲ! ಇಲ್ಲಿಯ ಹೆಂಗಸರಲ್ಲಿ ಅನೇಕರು ಓದು ಬಾರದವರು. ಗಂಡನನ್ನು ಕಳೆದುಕೊಂಡು, ಇಲ್ಲವೆ ಗಂಡನಿಂದ ತೊರೆಯಲ್ಪಟ್ಟು ಮನೆಯ ಭಾರವನ್ನೆಲ್ಲ ಹೊತ್ತವರು. ಒಂದು ದಿನ ಕೆಲಸ ತಪ್ಪಿದರೆ ಒಂದು ದಿನ ಒಲೆ ಉರಿಯದು.

ಹೆಂಗಸರು ಎದ್ದ ಕಾಲ

ಆ ಕಾಲ ಉತ್ತರ ಕರ್ನಾಟಕದಲ್ಲಿ ದೊಡ್ಡ ಕುದಿತದ ಕಾಲ. 1980ರ ಜುಲೈ ತಿಂಗಳಲ್ಲಿ ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ ಅಂದಿನ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು. ಗೋಲಿಬಾರು ನಡೆದು ರೈತರು ಪ್ರಾಣ ತೆತ್ತರು. ಅವರ ನೆನಪಿಗೆ ಅಲ್ಲಿ ನಿಲ್ಲಿಸಿದ ಸ್ಮಾರಕವನ್ನು ಜನ ಕರೆಯುವುದು ವೀರಗಲ್ಲು ಎಂದೇ. ಪ್ರತಿ ವರುಷ ಜುಲೈ 21ರಂದು ರೈತರು ಅದಕ್ಕೆ ಮಾಲೆ ಹಾಕುತ್ತಾರೆ. ಮರುವರುಷ, 1981ರಲ್ಲಿ, ತಂಬಾಕಿಗೆ ತಕ್ಕ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳುತನದಲ್ಲಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿಯೇ ಕುಳಿತರು. ಏಪ್ರಿಲ್ ತಿಂಗಳಲ್ಲಿ ಅಲ್ಲಿಯೂ ಗುಂಡು ಹಾರಿತು, ರೈತರು ಬಿದ್ದರು.

ಎಲೆ ಬೆಳೆದವರ ಕೂಗು ಹೀಗೆ ದೇಶಕ್ಕೆಲ್ಲ ಕೇಳಿಸಿತು. ಅದೇ ಎಲೆಯನ್ನು ಜರಡಿ ಹಿಡಿದವರ ಕೂಗು ಅಷ್ಟು ದೂರ ಹೋಗಲಿಲ್ಲ. ಆದರೆ ಅವರೂ ಸುಮ್ಮನಿರಲಿಲ್ಲ. ಅದೇ ವರುಷಗಳಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗಳ ಹೆಂಗಸರು ಕೆಲಸ ನಿಲ್ಲಿಸಿದರು, ಸಂಘ ಕಟ್ಟಿದರು. ಸುಭಾಷ ಜೋಶಿಯವರ ನೇತೃತ್ವದ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಸಾವಿರಗಟ್ಟಲೆ ಹೆಂಗಸರು ಕೂಡಿದರು. ಈ ಹೋರಾಟವನ್ನು ಕುರಿತು ಛಾಯಾ ದಾತಾರ ಎಂಬ ವಿದುಷಿ ನಡೆಸಿದ ಅಭ್ಯಾಸ 1989ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿ ಪ್ರಕಟವಾಯಿತು.

ಅದಕ್ಕೂ ಮೊದಲೇ ಅಲ್ಲಿಗೆ ಕ್ಯಾಮೆರಾ ಹೊತ್ತು ಬಂದಿದ್ದವರು ಬೆಂಗಳೂರಿನ ‘ಯುಗಾಂತರ’ ಎಂಬ ತಂಡದವರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಎಂಬ ನಾಲ್ವರು 1980ರಲ್ಲಿ ಕಟ್ಟಿದ ತಂಡವಿದು. ನವರೋಜರು ಮಣಿ ಕೌಲರ ‘ದುವಿಧಾ’ ಚಿತ್ರಕ್ಕೆ ಛಾಯಾಗ್ರಹಣ ಮಾಡಿ ಹೆಸರಾಗಿದ್ದವರು, 2023ರಲ್ಲಿ ತೀರಿಕೊಂಡರು. ಹೆಂಗಸರ ಹೋರಾಟಗಳನ್ನು ಅವರ ಮಾತಿನಲ್ಲಿಯೇ ಚಿತ್ರಿಸಬೇಕೆಂಬುದು ತಂಡದ ಸಂಕಲ್ಪ. ಪುಣೆಯಲ್ಲಿ ಮನೆಗೆಲಸದ ಹೆಂಗಸರು ಮುಷ್ಕರ ಹೂಡಿದ್ದನ್ನು ಕುರಿತು ‘ಮೋಲಕರೀಣ’ ಎಂಬ ಚಿತ್ರವನ್ನು 1981ರಲ್ಲಿ ಅವರು ಮುಗಿಸಿದ್ದರು. ಮುಂದಿನ ಚಿತ್ರವೇ ನಿಪ್ಪಾಣಿಯದು, ವರುಷ 1982. ‘ತಂಬಾಕು ಚಾಕಿಲಾ ಊಬ ಆಲಿ’ ಎಂದು ಅದರ ಮರಾಠಿ ಹೆಸರು. ಊಬ ಎಂದರೆ ಕಾವು. ತಂಬಾಕಿನೊಳಗೆ ಕಾವು ಏರಿತು ಎಂಬುದೇ ಅದರ ಸಾರ.

ಚಿತ್ರ ಮಾಡುವವರು ಸಾಮಾನ್ಯವಾಗಿ ಕಥೆಯನ್ನು ಬರೆದುಕೊಂಡು ಊರಿಗೆ ಬರುತ್ತಾರೆ. ಯುಗಾಂತರದವರು ಹಾಗೆ ಮಾಡಲಿಲ್ಲ. ನಾಲ್ಕು ತಿಂಗಳು ಅವರು ನಿಪ್ಪಾಣಿಯ ಹೆಂಗಸರೊಡನೆ ಕಳೆದರು. ದುಡಿಮೆಯ ಹೊತ್ತು, ಕೂಲಿ, ಅವಮಾನ, ಮುಷ್ಕರ ಹೂಡಿದ ಬಗೆ, ಮುಂದಿನ ದಾರಿ, ಎಲ್ಲವನ್ನೂ ಕೇಳಿದರು. ಯಾವುದನ್ನು ಚಿತ್ರಿಸಬೇಕೆಂಬುದನ್ನು ಅವರೊಡನೆ ಕುಳಿತು ನಿಶ್ಚಯಿಸಿದರು. ನಡೆದುಹೋದ ಮುಷ್ಕರವನ್ನು ಹೆಂಗಸರು ತಾವೇ ಮತ್ತೊಮ್ಮೆ ಆಡಿ ತೋರಿಸಿದರು. ಕ್ಯಾಮೆರಾ ವಖಾರಿಯ ಬಾಗಿಲು ದಾಟಿ ಆ ಧೂಳಿನೊಳಗೆ ಹೋಯಿತು. ಲೂಮಿಯೇರರ ಯಂತ್ರ ನಿಂತ ಜಾಗದಿಂದ ಕೆಲವೇ ಹೆಜ್ಜೆಗಳ ದೂರ; ಅದನ್ನು ನಡೆಯಲು ಎಂಬತ್ತೇಳು ವರುಷ ಬೇಕಾಯಿತು.

ತೋರಿಸುವ ಬಗೆ

ಇಂಥ ಚಿತ್ರ ಟಾಕೀಜಿಗೆ ಬರುವುದಿಲ್ಲ. ಬಂದರೂ ಅದರ ಕೆಲಸ ಅಲ್ಲಿ ಆಗುವುದಿಲ್ಲ. ಯುಗಾಂತರದ ಚಿತ್ರಗಳು 16 ಮಿಲಿಮೀಟರಿನ ಸುರುಳಿಗಳಲ್ಲಿ ಕೇರಿಯಿಂದ ಕೇರಿಗೆ, ಸಂಘದಿಂದ ಸಂಘಕ್ಕೆ ತಿರುಗಿದವು. ಪ್ರೊಜೆಕ್ಟರನ್ನು ಹೊತ್ತು ತರುವುದು, ಬಿಳಿಯ ಬಟ್ಟೆಯನ್ನೋ ಗೋಡೆಯನ್ನೋ ಪರದೆ ಮಾಡುವುದು, ಚಿತ್ರ ಮುಗಿದೊಡನೆ ದೀಪ ಹೊತ್ತಿಸಿ ಮಾತಿಗೆ ಕೂಡುವುದು: ಇದು ಆ ಕಾಲದ ಕಾರ್ಯಕರ್ತರ ಪದ್ಧತಿ. ಆ ಮಾತುಕತೆಯೇ ಚಿತ್ರದ ಎರಡನೆಯ ಭಾಗ. ಪರದೆಯ ಮೇಲೆ ತಮ್ಮಂಥವಳೊಬ್ಬಳು ಎದ್ದುನಿಂತು ಮಾತನಾಡುವುದನ್ನು ಕಂಡ ಹೆಂಗಸು ತನ್ನ ಬಾಯಿಯನ್ನೂ ತೆರೆಯುತ್ತಾಳೆ.

ಇದಕ್ಕೆ ಹೊರನಾಡಿನಲ್ಲಿಯೂ ಒಂದು ಪ್ರಸಿದ್ಧ ನಿದರ್ಶನವುಂಟು. ಕೆನಡಾ ದೇಶದ ಪೂರ್ವಕ್ಕೆ ಫೋಗೋ ಎಂಬ ದ್ವೀಪ. ಮೀನುಗಾರರು ಅಲ್ಲಲ್ಲಿ ಚದರಿ ವಾಸಿಸುವ ಬಡ ನೆಲ. ಜನರನ್ನು ಅಲ್ಲಿಂದ ಎಬ್ಬಿಸಿ ಬೇರೆಡೆ ನೆಲೆಗೊಳಿಸುವ ಮಾತು ನಡೆದಿದ್ದಾಗ, 1967ರಲ್ಲಿ ಅಲ್ಲಿಯ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯ ಕಾಲಿನ್ ಲೋ ಎಂಬವರು ಹೋಗಿ ಹಲವು ಕಿರುಚಿತ್ರಗಳನ್ನು ತೆಗೆದರು. ಅವುಗಳನ್ನು ಮೊದಲು ತೋರಿಸಿದ್ದು ರಾಜಧಾನಿಯ ರಸಿಕರಿಗಲ್ಲ, ದ್ವೀಪದವರಿಗೇ. ಒಂದು ಹಳ್ಳಿಯವರ ಮಾತನ್ನು ಇನ್ನೊಂದು ಹಳ್ಳಿಯವರು ಪರದೆಯ ಮೇಲೆ ಕೇಳಿದರು. ತಮ್ಮ ಕಷ್ಟ ತಮ್ಮೊಬ್ಬರದೇ ಅಲ್ಲವೆಂದು ಕಂಡುಕೊಂಡರು. ಮೀನುಗಾರರ ಸಹಕಾರಿ ಸಂಘ ಹುಟ್ಟಿತು. ದ್ವೀಪ ಬರಿದಾಗಲಿಲ್ಲ, ಜನ ಇಂದಿಗೂ ಅಲ್ಲಿದ್ದಾರೆ. ಇದೆಲ್ಲ ಚಿತ್ರದಿಂದಲೇ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಚಿತ್ರ ನೆವವಾಗಿ ಜನ ಕೂಡಿದರು, ಕೂಡಿದವರು ಮಾತನಾಡಿದರು ಎಂಬುದಂತೂ ನಿಜ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ತಂಬಾಕು ಆರೋಗ್ಯಕ್ಕೆ ವಿಷ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸಿದ ಕೇಂದ್ರದ ಕಾಯಿದೆ 2003ರಲ್ಲಿಯೇ ಬಂದಿದೆ. ಅಂಥ ಉದ್ಯಮದ ಕೆಲಸಗಾರರ ಕಥೆಯನ್ನು ಇಂದು ಎತ್ತಿ ತೋರಿಸುವುದು ಏಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಸರಳ. ವಿಷವೆಂದು ಗೊತ್ತಾದ ಮೇಲೆ, ಆ ವಿಷವನ್ನು ಮೊದಲು ಉಸಿರಾಡಿದವರು ಯಾರು ಎಂದು ಕೇಳುವುದು ಇನ್ನಷ್ಟು ಅವಶ್ಯ. ಬೀಡಿಯ ಕಟ್ಟಿನ ಮೇಲೆ ಸೇದುವವನಿಗೆ ಎಚ್ಚರಿಕೆ ಅಚ್ಚಾಗಿದೆ. ವಖಾರಿಯ ಬಾಗಿಲಿನ ಮೇಲೆ ಆ ಹೆಂಗಸರಿಗೆ ಯಾರೂ ಎಚ್ಚರಿಕೆ ಬರೆದಿರಲಿಲ್ಲ.

ಬರ್ಲಿನ್ನಿನಿಂದ ಧಾರವಾಡಕ್ಕೆ

ಯುಗಾಂತರ ತಂಡ ಬಾಳಿದ್ದು 1983ರವರೆಗೆ, ನಾಲ್ಕು ಚಿತ್ರಗಳಷ್ಟು ಕಾಲ. ಸಿನಿಮಾದ ಸುರುಳಿ ಕಲ್ಲಿನಂತಲ್ಲ. ಬಿಸಿಲು, ತೇವ, ಬೂಷ್ಟು ಇವು ಅದರ ವೈರಿಗಳು; ಪ್ರತಿ ಬಾರಿ ಯಂತ್ರದಲ್ಲಿ ಓಡಿದಾಗಲೂ ಅದರ ಮೈ ಗೀರುತ್ತದೆ. ಜನರ ನಡುವೆ ಹೆಚ್ಚು ತಿರುಗಿದ ಚಿತ್ರವೇ ಬೇಗ ಸವೆಯುವುದು ಅದರ ದುರದೃಷ್ಟ. ಯುಗಾಂತರದ ಚಿತ್ರಗಳು ಹಾಗೆ ಅಳಿಯದಂತೆ ನೋಡಿಕೊಂಡವರು ಬರ್ಲಿನ್ ನಗರದ ಆರ್ಸೆನಲ್ ಎಂಬ ಚಲಚ್ಚಿತ್ರ ಸಂಸ್ಥೆಯವರು. ನಿಕೋಲ್ ವುಲ್ಫ್ ಎಂಬ ವಿದುಷಿಯ ಪರಿಶ್ರಮವೂ ಇದರಲ್ಲಿದೆ. ಸುರುಳಿಗಳನ್ನು ಜೀರ್ಣೋದ್ಧಾರ ಮಾಡಿ, ಡಿಜಿಟಲ್ ರೂಪಕ್ಕೆ ಇಳಿಸಿ ಮತ್ತೆ ಬೆಳಕಿಗೆ ತಂದರು. ನಿಪ್ಪಾಣಿಯ ಜರಡಿಯ ಸದ್ದು ಯೂರೋಪಿನ ಸಭಾಂಗಣಗಳಲ್ಲಿ ಕೇಳಿಸಿತು. ಆ ಉಪಕಾರಕ್ಕೆ ಕನ್ನಡನಾಡು ಕೃತಜ್ಞವಾಗಿರಬೇಕು.

ಆದರೆ ವೀರಗಲ್ಲಿನ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಬರ್ಲಿನ್ನಿನ ಪ್ರೇಕ್ಷಕ ಆ ಚಿತ್ರದಲ್ಲಿ ಕಾಣುವುದು ‘ಭಾರತದ ಕೆಲಸಗಾರ್ತಿ’ಯನ್ನು. ನಿಪ್ಪಾಣಿಯ ಪ್ರೇಕ್ಷಕ ಕಾಣುವುದು ಪಕ್ಕದ ಓಣಿಯ ಅಕ್ಕನನ್ನು, ತೀರಿಹೋದ ಅವ್ವನನ್ನು, ತನ್ನನ್ನೇ. 1982ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತರ ಸಮೀಪ. ಆಗ ನಲವತ್ತಾಗಿದ್ದವರಲ್ಲಿ ಉಳಿದವರು ಕಡಿಮೆ. ಚಿತ್ರದ ಮುಖಗಳಿಗೆ ಹೆಸರು ಹೇಳಬಲ್ಲವರ ಸಂಖ್ಯೆ ವರುಷದಿಂದ ವರುಷಕ್ಕೆ ಇಳಿಯುತ್ತಿದೆ. ಚಿತ್ರ ಈಗ ಇನ್ನೂ ನೂರು ವರುಷ ಉಳಿದೀತು; ಹೆಸರುಗಳಿಗೆ ಅಷ್ಟು ಆಯುಷ್ಯವಿಲ್ಲ.

ಇಲ್ಲಿಯೇ ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಕರ್ತವ್ಯ ಬರುತ್ತದೆ. ಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆ, ‘ಮುಟ್ಟಬಾರದು’ ಎಂಬ ಹಲಗೆ, ಶಾಲೆಯ ಮಕ್ಕಳ ಸಾಲು ಎಂಬ ಭಾವನೆ ಈಗ ಸಡಿಲವಾಗುತ್ತಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಗಾಡಿಯ ಡಬ್ಬಿಯೊಂದನ್ನೇ ಚಿತ್ರ ತೋರಿಸುವ ಮಂದಿರವನ್ನಾಗಿ ಮಾರ್ಪಡಿಸಿದ್ದಾರೆ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯಿದೆ. 1890ರಿಂದ ನಾಡಿನ ಮಾತಿಗೆ ವೇದಿಕೆಯಾಗಿ ನಿಂತ ವಿದ್ಯಾವರ್ಧಕ ಸಂಘವಿದೆ. ಜಾಗಕ್ಕೆ ಬರವಿಲ್ಲ, ಯಂತ್ರಕ್ಕೆ ಬರವಿಲ್ಲ. ಬೇಕಾದದ್ದು ಕರೆಯುವ ಮನಸ್ಸು.

ಅಂಥ ಪ್ರದರ್ಶನ ಹೇಗಿರಬೇಕು? ಮುಂದಿನ ಸಾಲು ಅತಿಥಿಗಳಿಗಲ್ಲ, ನಿಪ್ಪಾಣಿಯ ಆ ಅಜ್ಜಿಯರಿಗೆ. ಅವರ ಮಗ್ಗುಲಲ್ಲಿ ಹುಬ್ಬಳ್ಳಿಯ ದುಡಿಯುವ ಹೆಂಗಸರು: 1957ರಲ್ಲಿ ಸ್ಥಾಪನೆಯಾದ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವ ಕೈಗಳು, ಬೀಡಿ ಕಟ್ಟುವ ಕೈಗಳು, ಊರಿನ ಕಸ ಗುಡಿಸುವ ಕೈಗಳು. ಚಿತ್ರ ಮರಾಠಿಯಲ್ಲಿದೆ, ಆದುದರಿಂದ ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಪಕ್ಕದಲ್ಲಿ ನಿಲ್ಲಬೇಕು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಬದಿಯಲ್ಲಿ ನಿಂತು ಕಥೆ ಹೇಳುವವರು ಇರಲಿಲ್ಲವೇ, ಹಾಗೆ. ಗಡಿಯ ಜಗಳದಲ್ಲಿ ಎದುರುಬದುರು ನಿಂತ ಎರಡು ಭಾಷೆಗಳು ಒಂದು ಸಂಜೆಯ ಮಟ್ಟಿಗೆ ಒಂದೇ ಕಥೆಯನ್ನು ಹೇಳುತ್ತವೆ. ಜರಡಿಯ ಧೂಳು ಯಾರ ಮನೆಮಾತನ್ನೂ ಕೇಳಿಕೊಂಡು ಗಂಟಲಿಗೆ ಇಳಿದದ್ದಲ್ಲ.

ಚಿತ್ರವನ್ನು ಎರಡು ಸಲ ತೋರಿಸಬೇಕು. ಮೊದಲನೆಯ ಸಲ ಸುಮ್ಮನೆ ನೋಡಲಿ. ಅಳುವವರು ಅಳಲಿ, ನಗುವವರು ನಗಲಿ. ಎರಡನೆಯ ಸಲ ಒಂದೊಂದು ಮುಖ ಬಂದಾಗಲೂ ಚಿತ್ರವನ್ನು ನಿಲ್ಲಿಸಿ ಕೇಳಬೇಕು: ಇವಳು ಯಾರು, ಯಾವ ಓಣಿಯವಳು, ಯಾವ ವಖಾರಿಯಲ್ಲಿದ್ದಳು, ಆಮೇಲೆ ಏನಾದಳು? ಸಂಗ್ರಹಾಲಯದವರು ಒಂದು ದಫ್ತರದಲ್ಲಿ ಅದನ್ನೆಲ್ಲ ಬರೆದುಕೊಳ್ಳಬೇಕು. ಹೆಸರು ಬರೆಸಲು ಒಲ್ಲೆನೆಂದವಳ ಮಾತನ್ನೂ ಮನ್ನಿಸಬೇಕು. ಹೋರಾಟದಿಂದ ಏನು ದಕ್ಕಿತು, ಏನು ದಕ್ಕಲಿಲ್ಲ ಎಂಬುದನ್ನು ಅವರೇ ಹೇಳಲಿ. ಸಂಘ ಎಲ್ಲವನ್ನೂ ಗೆದ್ದಿತೆಂದು ಚಿತ್ರ ಹೇಳಿದ್ದರೆ ಅದನ್ನು ತಿದ್ದುವ ಹಕ್ಕು ಕೂಡ ಅವರದೇ. ಶಾಸನತಜ್ಞ ಶಾಸನವನ್ನು ಓದಿ ಪಾಠವನ್ನು ನಿರ್ಣಯಿಸುತ್ತಾನೆ. ಇಲ್ಲಿ ಶಾಸನದೊಳಗಿದ್ದವರೇ ಎದ್ದು ಬಂದು ಪಾಠವನ್ನು ನಿರ್ಣಯಿಸುವ ಅವಕಾಶವಿದೆ. ಇಂಥ ಭಾಗ್ಯ ಯಾವ ಸಂಶೋಧಕನಿಗೆ ಸುಲಭವಾಗಿ ಸಿಕ್ಕೀತು?

ಕನ್ನಡನಾಡಿನ ಹಳೆಯ ಕಲ್ಲುಗಳಲ್ಲಿ ಹೆಣ್ಣಿಗೂ ಒಂದು ಕಲ್ಲುಂಟು. ಅ‍ದಕ್ಕೆ ಮಾಸ್ತಿಕಲ್ಲು ಎನ್ನುತ್ತಾರೆ. ಅದರಲ್ಲಿ ಬಹುವೇಳೆ ಅವಳ ಮುಖಕ್ಕಿಂತ ಎದ್ದು ಕಾಣುವುದು ಒಂದು ಕಂಬ, ಕಂಬದಿಂದ ಹೊರಚಾಚಿ ಮೇಲಕ್ಕೆತ್ತಿದ ಒಂದು ತೋಳು, ತೋಳಿನಲ್ಲಿ ಬಳೆ. ಗಂಡನ ಚಿತೆಯನ್ನು ಏರಿದುದಕ್ಕಾಗಿ ಅವಳಿಗೆ ಸಂದ ಗೌರವವದು. ದುಡಿದುದಕ್ಕಾಗಿ, ಮಕ್ಕಳನ್ನು ಸಾಕಿದುದಕ್ಕಾಗಿ, ಅನ್ಯಾಯದೆದುರು ಬದುಕಿ ನಿಂತುದಕ್ಕಾಗಿ ಹೆಣ್ಣಿಗೆ ಕಲ್ಲು ನಿಲ್ಲಿಸಿದ ಊರು ವಿರಳ. ನಿಪ್ಪಾಣಿಯ ಹೆಂಗಸರಿಗೂ ಯಾರೂ ಕಲ್ಲು ನಿಲ್ಲಿಸಲಿಲ್ಲ. ಆದರೆ ಅವರ ತೋಳುಗಳು ಜರಡಿಯನ್ನು ಆಡಿಸುತ್ತ, ಸಭೆಯಲ್ಲಿ ಮೇಲೇಳುತ್ತ ಆ ಇಪ್ಪತ್ತೈದು ನಿಮಿಷಗಳಲ್ಲಿ ಉಳಿದಿವೆ. ಮುಖಗಳೂ ಉಳಿದಿವೆ. ದಫ್ತರವೊಂದನ್ನು ತೆರೆದು ಅವುಗಳ ಎದುರಿಗೆ ಹೆಸರು ಬರೆದುಕೊಳ್ಳುವ ಕೆಲಸ ಮಾತ್ರ ಬಾಕಿಯಿದೆ. ಹೆಸರು ಹೇಳಬಲ್ಲವರು ಇರುವಾಗಲೇ ಅದು ಆಗಬೇಕು.